ಬಾಲ್ಯದ ಆಘಾತವೂ ಪ್ರೌಢರ ಖಿನ್ನತೆಯ ಚಿಕಿತ್ಸೆಯೂ

(ವಡ್ಡು ಗ್ರಾಮದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಮನಸ್ಸಿನ ವ್ಯಾಧಿಯನ್ನು ಕುರಿತ ಉಪನ್ಯಾಸವನ್ನು ಕೇಳುವುದಕ್ಕೆ ಸಂಡೂರು ತಾಲ್ಲೂಕಿನ ಒಂದು ಗ್ರಾಮದಲ್ಲಿ ಇಷ್ಟು ಜನ ನೆರೆದಿರುವುದನ್ನು ಹೊರಗಿನವರು ಕಂಡರೆ ಆಶ್ಚರ್ಯಪಟ್ಟಾರು, ನನಗೆ ಆಶ್ಚರ್ಯವಿಲ್ಲ. ಭಾರತದ ಮನೋವೈದ್ಯದ ಚರಿತ್ರೆಯನ್ನು ಯಾರು ಬರೆದರೂ ಬಳ್ಳಾರಿ ಜಿಲ್ಲೆಯ ಹೆಸರನ್ನು ಬಿಟ್ಟು ಬರೆಯುವಂತಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬುದು ಕಾಗದದ ಮೇಲೆ ರೂಪುಗೊಂಡಾಗ, ಇಡೀ ಒಂದು ಜಿಲ್ಲೆಯ ಪ್ರಮಾಣದಲ್ಲಿ ಅದು ನಡೆಯಬಲ್ಲದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅದಕ್ಕೆ ಮೊದಲೇ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಕೇಂದ್ರವನ್ನು ತೆರೆದು, ಹಳ್ಳಿಗರ ಮನೋವ್ಯಾಧಿಗಳನ್ನು ಹಳ್ಳಿಯಲ್ಲಿಯೇ ಗುರುತಿಸಿ ಉಪಚರಿಸುವ ಕ್ರಮವನ್ನು ಕಂಡುಕೊಂಡಿದ್ದರು. ಆ ಅನುಭವವನ್ನು ಜಿಲ್ಲೆಯಷ್ಟು ವಿಸ್ತಾರವಾದ ಕ್ಷೇತ್ರದಲ್ಲಿ ಪರೀಕ್ಷಿಸುವುದಕ್ಕಾಗಿ 1985ರಲ್ಲಿ ಅವರು ಆರಿಸಿಕೊಂಡದ್ದು ರಾಜಧಾನಿಗೆ ಹತ್ತಿರವಾದ ಅನುಕೂಲವಂತ ಜಿಲ್ಲೆಯನ್ನಲ್ಲ. ಬಿಸಿಲಿಗೂ ಬರಕ್ಕೂ ಹೆಸರಾದ ಈ ಬಳ್ಳಾರಿಯನ್ನು. ಇಂದು ವಿಜಯನಗರ ಜಿಲ್ಲೆಯ ಕೇಂದ್ರವಾಗಿರುವ ಹೊಸಪೇಟೆಯೂ ಅಂದು ಬಳ್ಳಾರಿಗೇ ಸೇರಿದ್ದಿತು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಕಾಲದ ಶಿಕ್ಷಣ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಇನ್ನೂ ಸರಳವಾದ ಶಿಕ್ಷಣ, ಕೈಬೆರಳಲ್ಲಿ ಎಣಿಸಬಹುದಾದಷ್ಟೇ ಔಷಧಗಳು, ಕಷ್ಟವಾದ ರೋಗಿಗಳನ್ನು ನೋಡುವುದಕ್ಕೆ ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯ: ಇಷ್ಟೇ ಸಾಮಗ್ರಿಯಿಂದ ಆ ಪ್ರಯೋಗ ನಡೆಯಿತು. ಅದುವರೆಗೆ ಸರಪಳಿಯನ್ನೂ ಮಂತ್ರವಾದಿಯನ್ನೂ ಬಿಟ್ಟರೆ ಬೇರೆ ಗತಿಯಿಲ್ಲದಿದ್ದ ರೋಗಿಗಳು, ಮೂರ್ಛೆರೋಗದವರು, ಮಾತು ಬಿಟ್ಟು ಮೂಲೆ ಸೇರಿದವರು ತಮ್ಮೂರಿನ ದವಾಖಾನೆಯಲ್ಲಿ ಗುಳಿಗೆ ಪಡೆದು ಹೊಲಕ್ಕೆ ಮರಳಿದರು. 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಅದಕ್ಕೆ ಅಡಿಪಾಯವಾದುದು 'ಬಳ್ಳಾರಿ ಮಾದರಿ' ಎಂದೇ ಪ್ರಸಿದ್ಧವಾದ ಈ ಪದ್ಧತಿ. ಮೊದಲು ನಾಲ್ಕು ಜಿಲ್ಲೆಗಳಲ್ಲಿ ತೊಡಗಿದ ಆ ಕಾರ್ಯಕ್ರಮವು ತರುವಾಯ ದೇಶದ ಬಹುಪಾಲು ಜಿಲ್ಲೆಗಳಿಗೆ ಹಬ್ಬಿತು. ಈ ನೆಲದ ಜನರು ತಮ್ಮ ಜಿಲ್ಲೆಯ ಹೆಸರನ್ನು ಗಣಿಯ ಪ್ರಸಂಗದಲ್ಲಿಯೇ ಹೆಚ್ಚಾಗಿ ಕೇಳಿದ್ದಾರೆ. ಈ ಪ್ರಸಂಗದಲ್ಲಿಯೂ ಒಮ್ಮೆ ಕೇಳಬೇಕೆಂಬುದು ನನ್ನ ಆಸೆ.

ಆ ಮಾದರಿಯ ಹಿರಿಮೆಯನ್ನು ಒಪ್ಪಿಕೊಂಡೇ ಅದು ಅಪೂರ್ಣವಾಗಿ ಉಳಿದ ಒಂದು ಸ್ಥಾನವನ್ನು ತೋರಿಸುವುದು ಇಂದಿನ ನನ್ನ ಕಾರ್ಯ. ಅದು ಗುಳಿಗೆಯನ್ನು ಹಳ್ಳಿಯ ಬಾಗಿಲಿಗೆ ತಂದಿತು. ರೋಗಿಯ ಬಾಲ್ಯವನ್ನು ಕೇಳುವ ಕಿವಿಯನ್ನು ಅಷ್ಟೇ ಪ್ರಮಾಣದಲ್ಲಿ ತರಲಾಗಲಿಲ್ಲ. ಖಿನ್ನತೆಯೆಂಬ ರೋಗದಲ್ಲಿ ಈ ಕೊರತೆಯ ಬೆಲೆ ದೊಡ್ಡದು.

ಒಬ್ಬ ಹೆಣ್ಣುಮಗಳನ್ನು ತಮ್ಮ ಕಣ್ಣ ಮುಂದೆ ತರುತ್ತೇನೆ. ಅವಳು ಯಾವ ಒಬ್ಬಳೂ ಅಲ್ಲ, ಹಲವರನ್ನು ಕೂಡಿಸಿ ಬರೆದ ಚಿತ್ರ. ವಯಸ್ಸು ಮೂವತ್ತೆರಡು, ಮೂರು ಮಕ್ಕಳ ತಾಯಿ. ದವಾಖಾನೆಯ ಬಾಂಕಿನ ತುದಿಯಲ್ಲಿ, ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕುಳಿತಿರುತ್ತಾಳೆ. ಸರದಿ ಬಂದಾಗ ಹೇಳುವುದು ತಲೆನೋವು, ಸೊಂಟನೋವು, ಎದೆಯ ಉರಿ. ವೈದ್ಯರು ಇನ್ನೊಂದು ಮಾತು ಕೇಳಿದರೆ, 'ರಾತ್ರಿ ನಿದ್ದಿ ಬರವಲ್ದು ಸಾರ್, ಉಂಡದ್ದು ಮೈಗೆ ಹತ್ತವಲ್ದು, ಜೀವಕ್ಕೇ ಬ್ಯಾಸರ ಆಗೈತಿ' ಎನ್ನುತ್ತಾಳೆ. ವೈದ್ಯರು ಬಲ್ಲವರಾದರೆ ಇದು ಖಿನ್ನತೆಯೆಂದು ಗುರುತಿಸಿ ಔಷಧ ಬರೆಯುತ್ತಾರೆ. ತಿಂಗಳೊಪ್ಪತ್ತಿನಲ್ಲಿ ನಿದ್ರೆ ಬರುತ್ತದೆ, ಅನ್ನ ಸೇರುತ್ತದೆ. ಆದರೆ ಬ್ಯಾಸರ ಹೋಗುವುದಿಲ್ಲ. ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ಭಾವ, ಗಂಡನು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಮೈಯೆಲ್ಲ ತಣ್ಣಗಾಗುವುದು, ಮಗಳು ಹೊರಗೆ ಹೋದರೆ ಬರುವವರೆಗೆ ಹೊಸ್ತಿಲಲ್ಲಿ ನಿಲ್ಲುವುದು, ಇವು ಯಾವ ಗುಳಿಗೆಗೂ ಮಣಿಯುವುದಿಲ್ಲ. ಅವಳು ಬರುವುದನ್ನು ಬಿಡುತ್ತಾಳೆ. 'ಚಿಕಿತ್ಸೆಗೆ ಸ್ಪಂದಿಸಲಿಲ್ಲ' ಎಂದು ದಾಖಲೆಯಲ್ಲಿ ಒಂದು ಸಾಲು ಉಳಿಯುತ್ತದೆ. ಆರನೆಯ ವಯಸ್ಸಿನಲ್ಲಿ ತಾಯಿ ಸತ್ತದ್ದು, ಸೋದರಮಾವನ ಮನೆಯಲ್ಲಿ ಬೆಳೆದದ್ದು, ಶಾಲೆ ಬಿಡಿಸಿ ಅದಿರು ಒಡೆಯಲು ಕಳಿಸಿದ್ದು, ಆ ಮನೆಯ ಕತ್ತಲೆಯ ಕೋಣೆಯಲ್ಲಿ ನಡೆದದ್ದು, ಇವನ್ನು ಅವಳೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಬಾಲ್ಯದ ನಷ್ಟಕ್ಕೂ ಪ್ರೌಢಾವಸ್ಥೆಯ ಖಿನ್ನತೆಗೂ ಇರುವ ಸಂಬಂಧವನ್ನು ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಸ್ತ್ರೀಯರಲ್ಲಿ ಶೋಧಿಸಿದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ವಿದ್ವಾಂಸರು 1978ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಹನ್ನೊಂದು ವರ್ಷ ತುಂಬುವ ಮೊದಲು ತಾಯಿಯನ್ನು ಕಳೆದುಕೊಂಡವರು, ಮುಂದೆ ಜೀವನದಲ್ಲಿ ಪೆಟ್ಟು ಬಿದ್ದಾಗ, ಉಳಿದವರಿಗಿಂತ ಸುಲಭವಾಗಿ ಖಿನ್ನತೆಗೆ ಒಳಗಾಗುತ್ತಾರೆಂಬುದು ಅವರ ನಿಗಮನಗಳಲ್ಲೊಂದು. ಇಪ್ಪತ್ತು ವರ್ಷಗಳ ತರುವಾಯ, 1998ರಲ್ಲಿ, ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ಸ್ಯಾನ್ ಡಿಯಾಗೋ ನಗರದ ಸಾವಿರಾರು ಮಂದಿ ಪ್ರೌಢರ ಬಾಲ್ಯವನ್ನು ವಿಚಾರಿಸಿ ಬರೆದ ಪ್ರಬಂಧ ಲೋಕಪ್ರಸಿದ್ಧವಾಯಿತು. ಹೊಡೆತ, ಲೈಂಗಿಕ ಪೀಡನೆ, ತಾಯಿಯ ಮೇಲಣ ದೌರ್ಜನ್ಯವನ್ನು ಕಣ್ಣಾರೆ ಕಾಣುವುದು, ಮನೆಯಲ್ಲಿ ಕುಡುಕರಿರುವುದು ಮೊದಲಾದ ವಿಪತ್ತುಗಳಲ್ಲಿ ನಾಲ್ಕನ್ನೋ ಅದಕ್ಕಿಂತ ಹೆಚ್ಚನ್ನೋ ಅನುಭವಿಸಿದವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಅಪಾಯವು ಒಂದೂ ಇಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚೆಂದು ಅವರು ಕಂಡರು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಹದಿಮೂರು ರಾಜ್ಯಗಳ ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಗೆ ಒಳಗಾಗಿದ್ದರು. ಪೆಟ್ಟಿಲ್ಲದೆ ವಿದ್ಯೆಯಿಲ್ಲವೆಂದು ನಂಬಿ ಬೆಳೆದ ನಾವು ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಈ ಸೀಮೆಯ ಬಾಲ್ಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಅದಿರಿನ ಬೆಲೆ ಗಗನಕ್ಕೇರಿದ ವರ್ಷಗಳನ್ನು ತಾವು ಮರೆತಿರಲಾರಿರಿ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಹೊಸಪೇಟೆ ಸಂಡೂರುಗಳ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲಿರುಳೂ ಕಡಿಯಲಿಲ್ಲ. ದೊಡ್ಡ ಗಣಿಗಳಲ್ಲಿ ಯಂತ್ರಗಳು ನಡೆದವು. ಪಟ್ಟಾ ಜಮೀನುಗಳಲ್ಲಿ, ಜೋಳ ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ, ಸುತ್ತಿಗೆ ಹಿಡಿದು ಕುಳಿತವರ ನಡುವೆ ಮಕ್ಕಳೂ ಇದ್ದರು. ಕೆಂಪು ಧೂಳು ರೆಪ್ಪೆಯ ಮೇಲೆ ಕುಳಿತ ಆ ಮಕ್ಕಳ ಕುಟುಂಬಗಳು ನಾನಾ ಊರುಗಳಿಂದ ಬಂದು ಟಾರ್ಪಾಲಿನ ಗುಡಿಸಲುಗಳಲ್ಲಿ ಇಳಿದಿದ್ದವು; ಅಲ್ಲಿ ಅಜ್ಜಿಯಿಲ್ಲ, ಓಣಿಯಿಲ್ಲ, ಅಳುವ ಮಗುವನ್ನು ಎತ್ತಿಕೊಳ್ಳುವ ನೆರೆಮನೆಯಿಲ್ಲ. ಅಂದು ಹತ್ತು ವರ್ಷದವರಾಗಿದ್ದವರು ಇಂದು ಮೂವತ್ತರ ಆಸುಪಾಸಿನ ಗೃಹಸ್ಥರು, ಗೃಹಿಣಿಯರು. ಗಣಿಯ ನಷ್ಟವನ್ನು ಟನ್ನುಗಳಲ್ಲಿಯೂ ಕೋಟಿಗಳಲ್ಲಿಯೂ ಲೆಕ್ಕ ಹಾಕಿದ ವರದಿಗಳು ಬಂದಿವೆ. ಆ ಮಕ್ಕಳ ಮನಸ್ಸಿಗೆ ಆದ ನಷ್ಟವು ಈಗ ನಮ್ಮ ದವಾಖಾನೆಗಳ ಬಾಂಕಿನ ಮೇಲೆ ಬಂದು ಕುಳಿತುಕೊಳ್ಳುತ್ತಿದೆಯೆಂದು ನಾನು ನಂಬುತ್ತೇನೆ.

ಇನ್ನೊಂದು ಗಾಯ ಇದಕ್ಕಿಂತ ಹಳೆಯದು. ದೇವರ ಹೆಸರಿನಲ್ಲಿ ಹೆಣ್ಣುಮಗುವಿಗೆ ಮುತ್ತು ಕಟ್ಟುವ ದೇವದಾಸಿ ಪದ್ಧತಿಯನ್ನು ರಾಜ್ಯದ 1982ರ ಶಾಸನವು ಅಪರಾಧವೆಂದು ಸಾರಿತು. ಆದರೂ ಹೊಸಪೇಟೆ, ಕೂಡ್ಲಿಗಿ, ಸಂಡೂರುಗಳ ಕೇರಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಇನ್ನೂ ಇದ್ದಾರೆ. ತಂದೆಯ ಹೆಸರು ಕೇಳಿದಾಗ ತರಗತಿಯಲ್ಲಿ ತಲೆ ತಗ್ಗಿಸಿದ ಅವರ ಮಕ್ಕಳು ಇದ್ದಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಗಳು ದೂರದ ಸೀಮೆಗೆ ಹೊರಟುಹೋಗಿ, ಅರ್ಧ ವರ್ಷ ಮುದುಕರ ಬಳಿ ಬೆಳೆಯುವ ತಾಂಡಾದ ಮಕ್ಕಳಿದ್ದಾರೆ. ಬಡತನವೇ ಆಘಾತವೆಂದು ಹೇಳುವವನು ನಾನಲ್ಲ. ಬಡವರ ಮನೆಗಳಲ್ಲಿ ಅಕ್ಕರೆಯಿಂದ ಬೆಳೆದು ಗಟ್ಟಿಮುಟ್ಟಾದ ಮನಸ್ಸುಳ್ಳವರಾದವರು ಅಸಂಖ್ಯರು. ಸಿರಿವಂತರ ಮಹಡಿಗಳಲ್ಲಿ ನಡುಗುತ್ತ ಬೆಳೆದವರೂ ಉಂಟು. ಮಗುವು ಯಾರನ್ನು ಆಶ್ರಯವೆಂದು ನಂಬಿದ್ದಿತೋ ಅವರಿಂದಲೇ ಭಯವು ಬಂದಾಗ, ಅಥವಾ ಭಯವು ಬಂದ ಹೊತ್ತಿನಲ್ಲಿ ಆಶ್ರಯವೇ ಇಲ್ಲದಾಗ, ಗಾಯವು ಆಳಕ್ಕೆ ಇಳಿಯುತ್ತದೆ.

ಆಳಕ್ಕೆ ಇಳಿಯುತ್ತದೆಂಬುದು ಬರಿಯ ಅಲಂಕಾರವಲ್ಲ, ಶರೀರದಲ್ಲಿ ಅಳೆಯಬಹುದಾದ ಸಂಗತಿ. ಅಪಾಯ ಎದುರಾದಾಗ ಮೆದುಳಿನಿಂದ ಹೊರಟ ಆಜ್ಞೆಯು ಪಿಟ್ಯುಟರಿ ಗ್ರಂಥಿಯ ಮೂಲಕ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಮುಟ್ಟಿ, ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸುವಂತೆ ಮಾಡುತ್ತದೆ. ಕ್ರಿಸ್ಟೀನ್ ಹೈಮ್ ಎಂಬ ವಿದುಷಿ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೆಲವು ಸ್ತ್ರೀಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿ, ಬಾಯಿಲೆಕ್ಕ ಹೇಳಿಸಿ, ಅವರ ರಕ್ತವನ್ನು ಪರೀಕ್ಷಿಸಿದರು. ಬಾಲ್ಯದಲ್ಲಿ ಪೀಡನೆಗೊಳಗಾದ ಸ್ತ್ರೀಯರಲ್ಲಿ, ಅದರಲ್ಲಿಯೂ ಆಗ ಖಿನ್ನತೆಯಿಂದ ನರಳುತ್ತಿದ್ದವರಲ್ಲಿ, ಈ ಗ್ರಂಥಿಗಳ ಪ್ರತಿಕ್ರಿಯೆಯು ಉಳಿದವರಿಗಿಂತ ಬಹಳ ತೀವ್ರವಾಗಿದ್ದಿತು. ಎಷ್ಟೋ ವರ್ಷಗಳ ಹಿಂದೆ ಮುಗಿದುಹೋದ ಅಪಾಯವನ್ನು ಅವರ ಶರೀರವು ಇನ್ನೂ ಎದುರುನೋಡುತ್ತಿದ್ದಿತು. ಗಂಡನ ಗಟ್ಟಿ ಮಾತಿಗೆ ಮೈ ತಣ್ಣಗಾಗುವ ನಮ್ಮ ಆ ಹೆಣ್ಣುಮಗಳು ನಾಟಕವಾಡುತ್ತಿಲ್ಲ.

ಇನ್ನು ಚಿಕಿತ್ಸೆಯ ವಿಚಾರ. 2003ರಲ್ಲಿ ಚಾರ್ಲ್ಸ್ ನೆಮೆರಾಫ್ ಮತ್ತು ಅವರ ಸಂಗಡಿಗರು, ಬಹುಕಾಲದಿಂದ ಖಿನ್ನತೆಯಲ್ಲಿರುವ 681 ರೋಗಿಗಳ ಮೇಲೆ ನಡೆದ ಒಂದು ಚಿಕಿತ್ಸಾಪ್ರಯೋಗವನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿದರು. ಕೆಲವರಿಗೆ ಔಷಧ ಮಾತ್ರ, ಕೆಲವರಿಗೆ ಮಾತಿನ ಚಿಕಿತ್ಸೆ ಮಾತ್ರ, ಕೆಲವರಿಗೆ ಎರಡೂ ಸಂದಿದ್ದವು. ಬಾಲ್ಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ, ಪೀಡನೆಗೊಳಗಾದ, ಅಥವಾ ಅಲಕ್ಷ್ಯಕ್ಕೆ ತುತ್ತಾದ ರೋಗಿಗಳನ್ನು ಪ್ರತ್ಯೇಕಿಸಿ ನೋಡಿದಾಗ, ಅವರಲ್ಲಿ ಔಷಧವೊಂದಕ್ಕಿಂತ ಮಾತಿನ ಚಿಕಿತ್ಸೆಯೊಂದೇ ಮೇಲಾಗಿದ್ದಿತು. ಎರಡನ್ನೂ ಕೂಡಿಸಿದರೂ ಅದಕ್ಕಿಂತ ಹೆಚ್ಚಿನ ಫಲವು ಅಷ್ಟಾಗಿ ಕಾಣಲಿಲ್ಲ. 2012ರಲ್ಲಿ ನಾನ್ನಿ, ಉಹೆರ್, ಡಾನೀಸೆ ಎಂಬ ಮೂವರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ಬಾಲ್ಯದಲ್ಲಿ ದುರ್ವ್ಯವಹಾರಕ್ಕೊಳಗಾದವರ ಖಿನ್ನತೆಯು ಮರುಕಳಿಸುವುದೂ ಹೆಚ್ಚು, ಬಹುಕಾಲ ನಿಲ್ಲುವುದೂ ಹೆಚ್ಚು, ಚಿಕಿತ್ಸೆಯಿಂದ ಪೂರ್ಣವಾಗಿ ಇಳಿಯುವುದು ಕಡಮೆ ಎಂದು ತೋರಿಸಿದರು. ಇವುಗಳಿಂದ ವೈದ್ಯವಲಯದಲ್ಲಿ ಒಂದು ಹತಾಶೆ ಹರಡಿತು: ಇಂತಹವರು ಗುಣವಾಗುವುದು ಕಷ್ಟ, ಅವರ ಹಣೆಬರಹವೇ ಅಷ್ಟು ಎಂಬ ಭಾವ.

ಈ ಹತಾಶೆಯು ಸಲ್ಲದೆಂಬುದಕ್ಕೆ 2022ರಲ್ಲಿ ಗಟ್ಟಿಯಾದ ಆಧಾರ ದೊರೆಯಿತು. ಎರಿಕಾ ಕುಜ್ಮಿನ್ಸ್‌ಕೈಟೆ ಮೊದಲಾದವರು 29 ಅಧ್ಯಯನಗಳ 6830 ರೋಗಿಗಳನ್ನು ಒಂದುಗೂಡಿಸಿ ಪರಿಶೀಲಿಸಿದ ಪ್ರಬಂಧವದು. ಆ ರೋಗಿಗಳಲ್ಲಿ ಶೇಕಡ 62 ಮಂದಿ ಬಾಲ್ಯದ ಆಘಾತವನ್ನು ವರದಿ ಮಾಡಿದವರು. ಅವರ ಖಿನ್ನತೆಯು ಚಿಕಿತ್ಸೆಯ ಆರಂಭದಲ್ಲಿ ಉಳಿದವರದಕ್ಕಿಂತ ತೀವ್ರವಾಗಿದ್ದಿತು. ಚಿಕಿತ್ಸೆಯ ಕೊನೆಗೂ ತೀವ್ರವಾಗಿಯೇ ಇದ್ದಿತು. ಆದರೆ ನಡುವೆ ಇಳಿದ ಪ್ರಮಾಣವು ಇಬ್ಬರಲ್ಲಿಯೂ ಸಮವಾಗಿದ್ದಿತು. ಔಷಧವಾಗಲಿ ಮಾತಿನ ಚಿಕಿತ್ಸೆಯಾಗಲಿ, ಅವರಿಗೆ ಫಲವು ಇತರರಿಗಿಂತ ಕಡಮೆಯಾಗಲಿಲ್ಲ. ಹಂಪೆಯ ಮೆಟ್ಟಿಲು ಪುಷ್ಕರಣಿಯನ್ನು ಕಂಡ ನಮಗೆ ಇದನ್ನು ಗ್ರಹಿಸುವುದು ಸುಲಭ: ಇಬ್ಬರು ಒಂದೇ ಸಂಖ್ಯೆಯ ಮೆಟ್ಟಿಲುಗಳನ್ನು ಹತ್ತಿದರೂ, ತಳದಿಂದ ಹೊರಟವನು ನಡುಹಂತದಲ್ಲಿ ಉಳಿದಿರುತ್ತಾನೆ, ನಡುಹಂತದಿಂದ ಹೊರಟವನು ನೆಲವನ್ನು ಮುಟ್ಟಿರುತ್ತಾನೆ. ಮೇಲೆ ನಿಂತು ನೋಡುವವರು ಮೊದಲನೆಯವನು ಹತ್ತಲೇ ಇಲ್ಲವೆಂದು ತೀರ್ಮಾನಿಸುವುದು ಅನ್ಯಾಯ. ನಮ್ಮ ಪ್ರಾಥಮಿಕ ಕೇಂದ್ರದ ದಾಖಲೆಯಲ್ಲಿ 'ಸ್ಪಂದಿಸಲಿಲ್ಲ' ಎಂದು ಬರೆಯುವ ಬದಲು 'ಅರ್ಧ ಬಂದಿದ್ದಾಳೆ, ಚಿಕಿತ್ಸೆ ಮುಂದುವರಿಯಬೇಕು' ಎಂದು ಬರೆಯುವುದಾದರೆ, ಆ ಒಂದು ಸಾಲಿನಿಂದ ಒಂದು ಜೀವವು ಉಳಿದೀತು. ಉಳಿದವರಿಗೆ ಸಾಕಾಗುವ ಅವಧಿ ಇವರಿಗೆ ಸಾಲದು. ನಡುವೆ ಔಷಧವನ್ನು ನಿಲ್ಲಿಸಬಾರದು. ಔಷಧದೊಡನೆ ಮಾತೂ ಸೇರಬೇಕು.

ಇಲ್ಲಿ ಇನ್ನೊಂದು ಶೋಧವನ್ನು ಹೇಳದೆ ಮುಂದೆ ಹೋಗಲಾರೆ. ಈ ವಿಷಯದಲ್ಲಿ ನನ್ನನ್ನು ಅತ್ಯಂತ ಚಿಂತನೆಗೆ ಹಚ್ಚಿದುದು ಅದೇ. ಅಮೆರಿಕದಲ್ಲಿ ಕ್ಯಾಥಿ ವಿಡಮ್ ಎಂಬವರು, ಬಾಲ್ಯದಲ್ಲಿ ಪೀಡನೆಗೊಳಗಾದರೆಂದು ನ್ಯಾಯಾಲಯದ ದಾಖಲೆಗಳಲ್ಲಿ ಸಿದ್ಧವಾಗಿದ್ದ ಮಕ್ಕಳನ್ನೂ, ಹಾಗೆ ದಾಖಲಾಗದ ಮಕ್ಕಳನ್ನೂ ದಶಕಗಳ ಕಾಲ ಹಿಂಬಾಲಿಸಿ ನೋಡಿದವರು. ಅವರೂ ಆಂಡ್ರಿಯಾ ಡಾನೀಸೆಯೂ 2020ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪ್ರೌಢಾವಸ್ಥೆಯ ಮನೋವ್ಯಾಧಿಯ ಸಂಬಂಧವು ದಾಖಲೆಗಿಂತ ಹೆಚ್ಚಾಗಿ ವ್ಯಕ್ತಿಯ ನೆನಪಿನೊಡನೆ, ತನಗೆ ಏನಾಯಿತೆಂದು ಅವನು ಅನುಭವಿಸಿ ಇಟ್ಟುಕೊಂಡ ಅರ್ಥದೊಡನೆ ಇದ್ದಿತು. ಇದನ್ನು ಕೇಳಿ, ಆಘಾತವೆಲ್ಲ ಕಲ್ಪನೆಯೆಂದು ಯಾರೂ ತಿಳಿಯಬಾರದು. ಪೀಡನೆಯು ಪೀಡನೆಯೇ, ಅಪರಾಧವು ಅಪರಾಧವೇ. ನಡೆದುಹೋದ ಘಟನೆಯನ್ನು ಬ್ರಹ್ಮನೂ ಅಳಿಸಲಾರ. ಆದರೆ 'ನನ್ನ ತಪ್ಪಿನಿಂದಲೇ ಹೀಗಾಯಿತು, ನಾನು ಯಾರಿಗೂ ಬೇಡವಾದವಳು' ಎಂದು ಆರು ವರ್ಷದ ಮಗುವು ತನಗೆ ತಾನೇ ಕೊಟ್ಟುಕೊಂಡ ತೀರ್ಪನ್ನು, ಮೂವತ್ತೆರಡು ವರ್ಷದ ಹೆಂಗಸು, ನಂಬಿಕೆಗೆ ಯೋಗ್ಯರಾದ ಇನ್ನೊಬ್ಬರ ಎದುರಿನಲ್ಲಿ ಮರುವಿಚಾರಣೆಗೆ ತೆಗೆದುಕೊಳ್ಳಬಹುದು. ಮಾತಿನ ಚಿಕಿತ್ಸೆಗೆ ಎಡೆಯಿರುವುದು ಅಲ್ಲಿಯೇ.

ಕೇಳುವುದೆಂದರೆ ಕೆದಕುವುದಲ್ಲ. ಮೊದಲನೆಯ ಭೇಟಿಯಲ್ಲಿಯೇ, ಅತ್ತೆಯೂ ನಾದಿನಿಯೂ ಪಕ್ಕದಲ್ಲಿ ನಿಂತಿರುವಾಗ, ಬಾಲ್ಯದ ಗಾಯವನ್ನು ಕೇಳುವುದು ಕ್ರೌರ್ಯ. ಸೊಂಟನೋವನ್ನೂ ನಿದ್ರೆಯನ್ನೂ ಮೊದಲು ನೋಡಬೇಕು. ಅವೂ ನಿಜವಾದ ನೋವುಗಳೇ. ನಂಬಿಕೆ ಕುದುರಿದ ಮೇಲೆ, ಬಾಗಿಲು ಮುಚ್ಚಬಹುದಾದ ಕೋಣೆಯೊಂದರಲ್ಲಿ, 'ಸಣ್ಣವರಿದ್ದಾಗ ನಿಮ್ಮನ್ನು ಯಾರು ನೋಡಿಕೊಳ್ಳುತ್ತಿದ್ದರಮ್ಮ? ಆಗ ಮನಸ್ಸಿಗೆ ಬಹಳ ನೋವಾದದ್ದು, ಹೆದರಿಕೆಯಾದದ್ದು ಏನಾದರೂ ಇತ್ತೆ? ಹೇಳಬೇಕೆನ್ನಿಸಿದರೆ ಹೇಳಿ, ಇಲ್ಲವಾದರೆ ಬೇಡ' ಎಂದಷ್ಟು ಕೇಳಿದರೆ ಸಾಕು. ಹೇಳದಿದ್ದರೆ ಒತ್ತಾಯವಿಲ್ಲ, ಹೇಳಿದರೆ ವಿವರಗಳ ಬೆನ್ನುಹತ್ತಬಾರದು, ಕೇಳಿದ ಮಾತು ಆ ಕೋಣೆಯ ಹೊಸ್ತಿಲನ್ನು ದಾಟಬಾರದು. ಈ ಕೊನೆಯ ನಿಯಮಕ್ಕೆ ಒಂದು ಅಪವಾದವುಂಟು: ಈಗ ಬೆಳೆಯುತ್ತಿರುವ ಮಗುವೊಂದು ಅದೇ ಕೈಗಳಲ್ಲಿ ಸಿಕ್ಕಿದೆಯೆಂದು ತಿಳಿದಾಗ 2012ರ ಪೋಕ್ಸೋ ಕಾಯಿದೆಯು ಮೌನವನ್ನು ಯಾರಿಗೂ ಅನುಮತಿಸುವುದಿಲ್ಲ.

ಹಿರಿಯರು ಇಲ್ಲೊಂದು ಆಕ್ಷೇಪವನ್ನು ಎತ್ತುವುದುಂಟು. ಹಳೆಯದನ್ನು ಎತ್ತಿ ತೆಗೆದರೆ ಸಂಬಂಧಗಳು ಕೆಡುತ್ತವೆ, ಹೆತ್ತವರ ಮೇಲೆ ದೋಷ ಬರುತ್ತದೆ, ಮರೆತು ಬಾಳುವುದು ಲೇಸು ಎನ್ನುತ್ತಾರೆ. ಈ ಆಕ್ಷೇಪವನ್ನು ನಾನು ಗೌರವದಿಂದ ಕೇಳಿದ್ದೇನೆ. ಮರೆತು ಸುಖವಾಗಿ ಬಾಳುತ್ತಿರುವವರ ಬಾಗಿಲನ್ನು ತಟ್ಟಬೇಕೆಂದು ಯಾವ ವೈದ್ಯನೂ ಹೇಳಲಾರ. ನಮ್ಮ ಮಾತು ಮರೆಯಲಾರದವರನ್ನು ಕುರಿತದ್ದು. ಹೊಡೆದ ತಂದೆಯೂ ಎಷ್ಟೋ ವೇಳೆ ಹೊಡೆಸಿಕೊಂಡು ಬೆಳೆದ ಮಗುವೇ ಆಗಿರುತ್ತಾನೆ; ಅವನನ್ನು ಕಟಕಟೆಗೆ ತರುವುದು ಚಿಕಿತ್ಸೆಯ ಉದ್ದೇಶವಲ್ಲ, ಮಗಳ ಮೇಲಿರುವ ಭಾರವನ್ನು ಇಳಿಸುವುದು ಉದ್ದೇಶ. ನಮ್ಮ ಭಾಷೆಯಲ್ಲಿ ಇಂತಹ ವಿಚಾರಗಳಿಗೆ ಎಡೆಯಿಲ್ಲವೆಂದು ಹೇಳುವುದೂ ಸರಿಯಲ್ಲ. 'ರಾಶಿ' ಎಂಬ ಹೆಸರಿನಿಂದ ನಾಡನ್ನೇ ನಗಿಸಿದ ಡಾ. ಎಂ. ಶಿವರಾಂ ಅವರು ಮನೋವಿಜ್ಞಾನವನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಸಂದಿದೆ.

ಮಾತಾಡುವವರು ಯಾರು, ಅಷ್ಟು ಮನೋವೈದ್ಯರು ಎಲ್ಲಿದ್ದಾರೆ ಎಂಬುದು ನ್ಯಾಯವಾದ ಪ್ರಶ್ನೆ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪ್ರೌಢರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಅನುಭವಿಸಿದವರು; ಅವರಲ್ಲಿ ಬಹುಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ಇದಕ್ಕೆ ಉತ್ತರವು ಗೋವೆಯಿಂದ ಬಂದಿದೆ. ವಿಕ್ರಮ ಪಟೇಲರೂ ಅವರ ಸಂಗಡಿಗರೂ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯಶಿಕ್ಷಣವಿಲ್ಲದ ಸ್ಥಳೀಯರನ್ನೇ ಆರಿಸಿ ತರಬೇತು ಕೊಟ್ಟು, ತೀವ್ರವಾದ ಖಿನ್ನತೆಯವರೊಡನೆ ಆರೆಂಟು ಬಾರಿ ಕುಳಿತು ಮಾತಾಡುವ ಕ್ರಮವನ್ನು ನಡೆಸಿದರು. ಮೂರು ತಿಂಗಳ ಕೊನೆಗೆ ಆ ಉಪಚಾರ ಪಡೆದವರಲ್ಲಿ ಶೇಕಡ 64 ಮಂದಿಯ ಖಿನ್ನತೆ ಇಳಿದಿದ್ದಿತು. ಪಡೆಯದವರಲ್ಲಿ ಶೇಕಡ 39. ಈ ಫಲಿತಾಂಶ ಪ್ರಕಟವಾದುದು 2017ರಲ್ಲಿ. 1985ರಲ್ಲಿ ಇದೇ ತತ್ತ್ವವನ್ನು ಔಷಧದ ವಿಷಯದಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಜಿಲ್ಲೆಗೆ, ಮಾತಿನ ವಿಷಯದಲ್ಲಿ ಅದು ಅಸಾಧ್ಯವೆಂದು ನಾನು ಒಪ್ಪಲಾರೆ.

ನಮ್ಮಲ್ಲಿ ಇರುವುದಾದರೂ ಏನು ಕಡಮೆ? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಮಂಗಳವಾರಗಳಲ್ಲಿ ರೋಗಿಗಳನ್ನು ನೋಡುವ 'ಮನೋಚೈತನ್ಯ'ವೆಂಬ ರಾಜ್ಯದ ಕಾರ್ಯಕ್ರಮವುಂಟು. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಿ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದಾದ ಟೆಲಿಮಾನಸ್ ವ್ಯವಸ್ಥೆಯುಂಟು. ಎಲ್ಲಕ್ಕಿಂತ ಮಿಗಿಲಾಗಿ ಪ್ರತಿ ಊರಿನಲ್ಲಿಯೂ ಆಶಾ ಕಾರ್ಯಕರ್ತೆಯರಿದ್ದಾರೆ. ಯಾವ ಮನೆಯ ಸೊಸೆ ಮೂರು ದಿನದಿಂದ ಒಲೆ ಹಚ್ಚಿಲ್ಲವೆಂಬುದು ಅವರಿಗೆ ಗೊತ್ತು. ಅವರ ಮೇಲೆ ಈಗಾಗಲೇ ಹೊರಿಸಿರುವ ದಾಖಲೆಪುಸ್ತಕಗಳಿಗೆ ಇನ್ನೊಂದನ್ನು ಸೇರಿಸಿ, ಗೌರವಧನವನ್ನು ಇದ್ದಲ್ಲಿಯೇ ಇಟ್ಟರೆ ಆ ಅನ್ಯಾಯವನ್ನು ನಾನು ಸಮರ್ಥಿಸುವವನಲ್ಲ. ಗೋವೆಯಲ್ಲಿ ಮಾಡಿದಂತೆ ಈ ಒಂದೇ ಕೆಲಸಕ್ಕೆ ಸಂಬಳ ಕೊಟ್ಟು, ಪ್ರತಿಯೊಂದು ಪ್ರಾಥಮಿಕ ಕೇಂದ್ರಕ್ಕೆ ಇಬ್ಬರು ಸ್ಥಳೀಯ ಹೆಣ್ಣುಮಕ್ಕಳನ್ನು, ತಾಂಡಾದವರೂ ಕೇರಿಯವರೂ ಅವರಲ್ಲಿ ಇರುವಂತೆ, ತರಬೇತುಗೊಳಿಸಬೇಕು. ಗಣಿಬಾಧಿತ ಪ್ರದೇಶಗಳ ಅಭ್ಯುದಯಕ್ಕೆಂದೇ ಗಣಿಗಳವರಿಂದ ಸಂಗ್ರಹವಾಗುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯು ಇದೆ. ಕಟ್ಟಡಗಳಿಗೂ ರಸ್ತೆಗಳಿಗೂ ವೆಚ್ಚವಾಗುವ ಆ ಹಣದಲ್ಲಿ ಒಂದು ಅಲ್ಪಾಂಶವನ್ನು, ಅದಿರಿನ ನಡುವೆ ಬಾಲ್ಯವನ್ನು ಕಳೆದವರ ಮನಸ್ಸಿಗಾಗಿ ಬೇಡುವುದು ಹೆಚ್ಚಿನ ಬೇಡಿಕೆಯಲ್ಲ. ಆರೋಗ್ಯವೂ ಆ ನಿಧಿಯ ಉದ್ದೇಶಗಳಲ್ಲಿ ಸೇರಿದೆ. ಈ ಸಭೆಯಲ್ಲಿ ಗ್ರಾಮ ಪಂಚಾಯತಿಯ ಸದಸ್ಯರು ಕುಳಿತಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ನಿರ್ಣಯವಾಗಿ ಮಂಡಿಸಿ ಜಿಲ್ಲಾಧಿಕಾರಿಗಳಿಗೆ ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ. ಅರ್ಜಿಯನ್ನು ಬರೆದುಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.